ತಾಡಪತ್ರಿ ಹೊದಿಸಿದ್ದೇ ತಪ್ಪಾಯಿತು

ಮೂರು ವರ್ಷದಿಂದ ಶಹಾಪುರದ ಮನೆಯಿಂದ ಉದ್ಯಮಬಾಗಿನ ವರ್ಕ್‌ಶಾಪಿಗೆ ಬ್ಯಾಟರಿ ಸೈಕಲ್ಲಿನಲ್ಲೇ ಓಡಾಡುತ್ತಿದ್ದೇನೆ. ಬೆಳಗಾವಿ ಮಳೆ ಗೊತ್ತಲ್ವಾ? ಜೋರಾಗಿ ಸುರಿದು ನಿಲ್ಲುವ ಮಳೆ ಅಲ್ಲ. ಆರಿದ್ರಾ ಹಿಡಿದರೆ ವಾರಗಟ್ಟಲೆ ಜಿಟಿಜಿಟಿ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ.

ಮೊದಲ ಮಳೆಗಾಲದಲ್ಲಿ ಸಂಜೆ ಬಂದ ಕೂಡಲೇ ಒದ್ದೆ ಸೈಕಲ್ಲಿಗೆ ತಾಡಪತ್ರಿ ಹೊದಿಸಿ, ನೆಲದವರೆಗೂ ಹಗ್ಗ ಬಿಗಿದು ಕಟ್ಟುತ್ತಿದ್ದೆ. ಹದಿನೈದು ದಿನಕ್ಕೆ ಚೈನು ಕೆಂಪಾಯಿತು. ಸ್ಟ್ಯಾಂಡಿನ ಸ್ಪ್ರಿಂಗ್, ಮಡ್‌ಗಾರ್ಡಿನ ಸ್ಕ್ರೂ, ಎಲ್ಲದಕ್ಕೂ ತುಕ್ಕು. ಒಂದು ಬೆಳಿಗ್ಗೆ ತಾಡಪತ್ರಿ ಎತ್ತಿ ಒಳಮೈ ನೋಡಿದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಇರುತ್ತವಲ್ಲ, ಹಾಗೆ ಸಾಲಾಗಿ ಹನಿಗಳು. ಡಿಸ್‌ಪ್ಲೇ ಮೇಲೆ ತಟತಟ ಬೀಳುತ್ತಿದ್ದವು.

ವರ್ಕ್‌ಶಾಪಿನ ಹಿರಿಯ ಟರ್ನರ್ ಕಾಕಾ ಅವರಿಗೆ ಹೇಳಿದೆ. “ತಮ್ಮಾ, ಮಳಿ ಬಿದ್ರ ಏನೂ ಆಗಂಗಿಲ್ಲ. ನೀರು ನಿಂತ್ರ ಜಂಗ್ ಹಿಡಿತೈತಿ” ಅಂದರು. ನಿಜ. ಲೇತಿನಿಂದ ಇಳಿಸಿದ ಬೀಡು ಕಬ್ಬಿಣದ ಕಾಸ್ಟಿಂಗ್ ಜುಲೈನಲ್ಲಿ ಸುಮ್ನೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಅದಕ್ಕೇ ಒರೆಸಿ ಎಣ್ಣೆ ಸವರಿ ಇಡುತ್ತೇವೆ. ಸೈಕಲ್ಲಿಗೂ ಅದನ್ನೇ ಶುರು ಮಾಡಿದೆ.

ಮನೆಗೆ ಬಂದ ಮೇಲೆ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಬಿಚ್ಚಿ ಒಳಗೆ ಇಡುತ್ತೇನೆ. ಪೆಡಲ್ ಹಿಂದಕ್ಕೆ ತಿರುಗಿಸುತ್ತ ಹಳೇ ಬನಿಯನ್ ಬಟ್ಟೆಯಿಂದ ಚೈನು ಒರೆಸುತ್ತೇನೆ. ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ, ಚೈನು ಪೂರ್ತಿ ಒಣಗಿದ ಮೇಲೆ, ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಮೇಲಿನದನ್ನು ಒರೆಸಿಬಿಡುತ್ತೇನೆ. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ. ಹೊರಗೆ ಉಳಿದರೆ ಮಣ್ಣು ಅಂಟಿ ಚೈನನ್ನೇ ಅರೆಯುತ್ತದೆ. ಡಿಸ್ಕಿಗೆ ಮಾತ್ರ ಒಂದು ಹನಿಯೂ ತಾಗಬಾರದು, ಬ್ರೇಕ್ ಹಿಡಿಯುವುದಿಲ್ಲ.

ಎರಡನೇ ವರ್ಷ ಮೋಟರ್ ಬಿಟ್ಟು ಬಿಟ್ಟು ಓಡತೊಡಗಿತು. ಒಂದು ಅಂಗಡಿಯಲ್ಲಿ ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ, ಬದಲಿಸಬೇಕು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಬ್ಯಾಟರಿ ತೆಗೆದಿಟ್ಟು, ಹಿಂದಿನ ಚಕ್ರದ ಹತ್ತಿರ ಮೋಟರ್ ವೈರಿನ ಕನೆಕ್ಟರ್ ಬಿಚ್ಚಿದೆ. ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಹಳೇ ತಾಮ್ರದ ಚೊಂಬಿನ ಮೇಲೆ ಇರುವಂಥದ್ದೇ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಲ್ಲುಜ್ಜುವ ಹಳೇ ಬ್ರಶ್‌ನಿಂದ ಮೆಲ್ಲಗೆ ಉಜ್ಜಿ, ಒಣಗಲು ಬಿಟ್ಟೆ. ರಬ್ಬರ್ ಸೀಲಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಬಾಣದ ಗುರುತು ಹೊಂದಿಸಿ ಒತ್ತಿದೆ. ಮೋಟರ್ ಮೊದಲಿನಂತೆ ಓಡಿತು. ಆಮೇಲೆ ಇನ್ನೊಂದು ಮಾಡಿದೆ. ವೈರು ಕನೆಕ್ಟರಿಗಿಂತ ಸ್ವಲ್ಪ ಕೆಳಗೆ ಬಾಗಿ ಮೇಲೆ ಬರುವಂತೆ ಕಟ್ಟಿದೆ. ವೈರಿನ ಮೇಲೆ ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೆಸರಾಗಿದೆ ಅಂತ ವಾಟರ್ ಸರ್ವಿಸಿಂಗಿಗೆ ಮಾತ್ರ ಕೊಡಬೇಡಿ, ಇದು ನನ್ನ ಕಳಕಳಿಯ ಮಾತು. ನೀರು ತಡೆಯುವ ಮಟ್ಟದಲ್ಲಿ ನನ್ನ ಸೈಕಲ್ ಐಪಿಎಕ್ಸ್4. ಅಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ, ಪ್ರೆಶರ್ ಪೈಪಿನ ನೀರನ್ನಲ್ಲ. ಆ ನೀರು ಸೀಲು ದಾಟಿ ಬೇರಿಂಗಿಗೆ ಹೋದರೆ ಅಲ್ಲೇ ನಿಲ್ಲುತ್ತದೆ. ಬಕೆಟ್ ನೀರು, ಸ್ಪಂಜು ಸಾಕು.

ಬ್ಯಾಟರಿ ಒದ್ದೆಯಾಗಿದ್ದರೆ ಒರೆಸಿ, ಟರ್ಮಿನಲ್ ಒಣಗಿದ ಮೇಲೆಯೇ ಚಾರ್ಜಿಗೆ ಹಾಕುತ್ತೇನೆ. ಬೇಸಿಗೆಯಲ್ಲಿ ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ ಬಿಡುವುದಿಲ್ಲ, ಬಿಚ್ಚಿ ಒಳಗೆ ತೆಗೆದುಕೊಂಡು ಹೋಗುತ್ತೇನೆ. ಲಿಥಿಯಂ ಬ್ಯಾಟರಿಗೆ ಕಾವು ಒಳ್ಳೆಯದಲ್ಲ. ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ಅರ್ಧ ಚಾರ್ಜಿನಲ್ಲಿ ಇಟ್ಟು ಹೋಗುತ್ತೇನೆ.

ತಾಡಪತ್ರಿ ಈಗಲೂ ಇದೆ, ಆದರೆ ಹೊದಿಸುವುದಿಲ್ಲ. ಸೈಕಲ್ ನಿಲ್ಲುವ ಜಾಗದ ಮೇಲೆ ಚಪ್ಪರದ ಹಾಗೆ ಎತ್ತರಕ್ಕೆ ಕಟ್ಟಿದ್ದೇನೆ. ನಾಲ್ಕೂ ಕಡೆಯಿಂದ ಗಾಳಿ ಆಡುತ್ತದೆ. ಮೊದಲ ವರ್ಷದ ತುಕ್ಕು ಸ್ಟ್ಯಾಂಡಿನ ಸ್ಪ್ರಿಂಗಿನಲ್ಲಿ ಮಾತ್ರ ಉಳಿದಿದೆ. ಅದಕ್ಕೆ ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಗ್ರೀಸ್ ಸವರುತ್ತೇನೆ.