ಎಂಟು ಸೋಲಿನ ನಂತರದ ಗೆಲುವು: ಸ್ಕೋರ್ ಹಾಳೆಯಲ್ಲಿ ನಾನು ಕಂಡಿದ್ದು

ಉತ್ತರ ಕೆರೊಲಿನಾದಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಮೈನರ್ ಲೀಗ್ ಬೇಸ್‌ಬಾಲ್ ತಂಡ ಇದೆ. ಸಿಂಗಲ್-ಎ ಮಟ್ಟದ್ದು. ಅದರ ಪಂದ್ಯಗಳಿಗೆ ಹೋದಾಗಲೆಲ್ಲ ಗ್ಯಾಲರಿಯಲ್ಲಿ ಕೂತು ಪೆನ್ಸಿಲ್ ಹಿಡಿದು ಸ್ಕೋರ್ ಬರೆಯುತ್ತೇನೆ. ಜೂನ್‌ನಲ್ಲಿ ಈ ತಂಡ ಸತತ ಎಂಟು ಪಂದ್ಯ ಸೋತಿತು. ಒಂಬತ್ತನೆಯದನ್ನು ಗೆದ್ದಿತು. ಆ ಒಂಬತ್ತೂ ಹಾಳೆಗಳು ನನ್ನ ಹತ್ತಿರ ಇವೆ. ಗೆಲುವು ಎಲ್ಲಿಂದ ಬಂತು ಅನ್ನೋದನ್ನು ಆ ಹಾಳೆಗಳನ್ನು ಇಟ್ಟುಕೊಂಡೇ ಹೇಳುತ್ತೇನೆ.

ಮೈನರ್ ಲೀಗ್‌ನಲ್ಲಿ ಸೋಲಿನ ಸಾಲು ಒಮ್ಮೆ ಶುರುವಾದರೆ ನಿಲ್ಲಿಸೋದು ಕಷ್ಟ. 2021ರಿಂದ ಇಲ್ಲಿ 120 ತಂಡಗಳು ನಾಲ್ಕು ಮಟ್ಟಗಳಲ್ಲಿ ಆಡುತ್ತವೆ. ಮೇಲೆ ಟ್ರಿಪಲ್-ಎ, ಆಮೇಲೆ ಡಬಲ್-ಎ, ಹೈ-ಎ, ಕೆಳಗೆ ಸಿಂಗಲ್-ಎ. ಆಟಗಾರರು ಊರಿನ ತಂಡದವರಲ್ಲ, ಮೇಜರ್ ಲೀಗ್ (ಎಲ್ಲಕ್ಕಿಂತ ಮೇಲಿನ ಮಟ್ಟ) ಕ್ಲಬ್‌ನವರು. ಅವರನ್ನು ಬೆಳೆಸೋದೇ ಇಲ್ಲಿನ ಕೆಲಸ. ಪಿಚರ್ ಚೆನ್ನಾಗಿ ಎಸೆಯುತ್ತಿದ್ದರೂ ಗೊತ್ತುಮಾಡಿದಷ್ಟು ಎಸೆತ ಮುಗಿದ ತಕ್ಷಣ ಇಳಿಸುತ್ತಾರೆ. ಒಳ್ಳೆಯ ಬ್ಯಾಟರ್ ಮಿಂಚಿದನೋ, ಮೇಲಿನ ಮಟ್ಟಕ್ಕೆ ಕರೆಸಿಕೊಳ್ಳುತ್ತಾರೆ. ಸೋಲುತ್ತಿರುವ ತಂಡಕ್ಕೆ ಯಾರೂ ಹೊಸ ಬಲ ತಂದು ತುಂಬುವುದಿಲ್ಲ. ಹಾಗಂತ ಹುಡುಗರಿಗೆ ಸೋಲು ನೋಯುವುದಿಲ್ಲ ಅಂತಲ್ಲ. 2023ರ ಒಪ್ಪಂದದ ನಂತರ ಸಿಂಗಲ್-ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 26,200 ಡಾಲರ್ ಆಯಿತು, ಅದಕ್ಕೆ ಮೊದಲು 11,000 ಇತ್ತು. ಅಷ್ಟಕ್ಕೆ ಬಸ್ಸಿನಲ್ಲಿ ಊರೂರು ಸುತ್ತಿ ಆಡುವವರು ಅವರು. ಐದನೇ ಸೋಲಿನ ಹೊತ್ತಿಗೆ ಡಗೌಟ್‌ನಲ್ಲಿ ಮಾತೇ ಇರಲಿಲ್ಲ.

ಬರೆಯೋದು ಹೇಗೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಮೈಸೂರಿನಲ್ಲಿ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೆ, ಹಾಗಾಗಿ ಕೈಗೆ ಅಭ್ಯಾಸ ಇತ್ತು. ಬೇಸ್‌ಬಾಲ್ ಸ್ಕೋರ್‌ಗೂ ಕ್ರಿಕೆಟ್‌ಗೂ ನಿಜವಾದ ನಂಟಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರ. ಕ್ರಿಕೆಟ್ ಸ್ಕೋರ್‌ಕಾರ್ಡ್ ನೋಡಿಯೇ ಆತ ಬೇಸ್‌ಬಾಲ್‌ಗೆ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಗಳ ಪಟ್ಟಿ) ಬೆಳೆಸಿದ್ದು. ಹಾಳೆಯಲ್ಲಿ ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಸಾಲು, ಒಂದೊಂದು ಇನ್ನಿಂಗ್ಸ್‌ಗೆ ಒಂದೊಂದು ಚೌಕ. ಫೀಲ್ಡರ್‌ಗಳಿಗೆ ಹೆಸರಿಲ್ಲ, ಅಂಕಿ ಅಷ್ಟೇ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವನು) 6, ಎಡದಿಂದ ಬಲಕ್ಕೆ ಔಟ್‌ಫೀಲ್ಡ್ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ ಚೌಕದಲ್ಲಿ 6-3. ಒಬ್ಬ ಮೂರೂ ಬೇಸ್ ಸುತ್ತಿ ‘ಮನೆ’ಗೆ, ಅಂದರೆ ಬ್ಯಾಟ್ ಮಾಡಿದ ಜಾಗಕ್ಕೆ, ಮರಳಿ ರನ್ ಗಳಿಸಿದರೆ ಅವನ ಚೌಕದ ವಜ್ರಾಕೃತಿಯನ್ನು ಪೂರ್ತಿ ತುಂಬುತ್ತೇನೆ.

ಎಂಟು ಸೋಲುಗಳಲ್ಲಿ ಮೊದಲ ಮೂರು ಹೊರಗಿನ ಊರಿನಲ್ಲಿ. ಅವನ್ನು ಮನೆಯಲ್ಲೇ ಸ್ಟ್ರೀಮ್ ನೋಡಿ ಬರೆದೆ. ಆಮೇಲಿನವು ಇಲ್ಲೇ. ಮೈನರ್ ಲೀಗ್‌ನಲ್ಲಿ ಒಂದೇ ಎದುರಾಳಿ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ ಆಡುತ್ತಾನೆ, ಸೋಮವಾರ ರಜೆ. ಶನಿವಾರ ರಾತ್ರಿ ಎಂಟೂ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದೆ. ಬ್ಯಾಟಿಂಗ್ ಕೆಟ್ಟಿದೆ ಅಂತ ಗ್ಯಾಲರಿಯಲ್ಲಿ ಎಲ್ಲರೂ ಅನ್ನುತ್ತಿದ್ದರು. ಹಾಳೆ ಬೇರೆಯೇ ಹೇಳುತ್ತಿತ್ತು. ಹಿಟ್‌ಗಳು (ಬೇಸ್ ತಲುಪಿಸಿದ ಹೊಡೆತಗಳು) ಎದುರಾಳಿಯಷ್ಟೇ ಇದ್ದವು, ಎರಡು ಪಂದ್ಯದಲ್ಲಿ ಜಾಸ್ತಿಯೇ ಇದ್ದವು. ಆದರೆ ಎರಡನೇ, ಮೂರನೇ ಬೇಸ್‌ನಲ್ಲಿ ನಿಂತ ಓಟಗಾರ ಅಲ್ಲೇ ಉಳಿಯುತ್ತಿದ್ದ. ಅರ್ಧ ತುಂಬಿದ ವಜ್ರಗಳೇ ಹಾಳೆ ತುಂಬ. ಇನ್ನೊಂದು ಕಡೆ ನಮ್ಮ ಪಿಚರ್‌ಗಳು ಇನ್ನಿಂಗ್ಸ್‌ನ ಮೊದಲ ಬ್ಯಾಟರ್‌ಗೇ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಮೊದಲ ಬೇಸ್) ಕೊಡುತ್ತಿದ್ದರು. ಅವನೇ ಬಹಳ ಸಲ ಮನೆ ಮುಟ್ಟುತ್ತಿದ್ದ. ಪುಕ್ಕಟೆಯಾಗಿ ಬೇಸ್ ಕೊಡೋದು, ಸಿಕ್ಕ ಬೇಸ್ ಉಪಯೋಗಿಸಿಕೊಳ್ಳದೇ ಇರೋದು. ಎಂಟು ಸೋಲಿನಲ್ಲಿ ಹೆಚ್ಚಿನವಕ್ಕೆ ಇಷ್ಟೇ ಕಾರಣ ಅಂತ ನನಗೆ ಖಾತ್ರಿಯಾಯಿತು.

ಭಾನುವಾರ ಮಧ್ಯಾಹ್ನ ಎರಡನೇ ಇನ್ನಿಂಗ್ಸ್‌ನಲ್ಲೇ ಮತ್ತೆ ಮೊದಲ ಬ್ಯಾಟರ್‌ಗೆ ವಾಕ್. ಅದರ ಹಿಂದೆ ಎರಡು ರನ್. ಐದನೆಯದರಲ್ಲಿ ಇನ್ನೊಂದು. ಆರು ಇನ್ನಿಂಗ್ಸ್ ಮುಗಿದಾಗ ನಾವು 2, ಅವರು 3. ಏಳನೇ ಇನ್ನಿಂಗ್ಸ್‌ನ ಮೇಲಿನ ಅರ್ಧವನ್ನು, ಅಂದರೆ ಅವರ ಬ್ಯಾಟಿಂಗನ್ನು, ನಮ್ಮ ಹೊಸ ರಿಲೀಫ್ ಪಿಚರ್ (ನಡುವೆ ಬದಲಿಯಾಗಿ ಬಂದವನು) ಮೂರೇ ಬ್ಯಾಟರ್‌ಗಳಲ್ಲಿ ಮುಗಿಸಿದ. ವಾಕ್ ಇಲ್ಲ.

ಕೆಳಗಿನ ಅರ್ಧದ, ಅಂದರೆ ನಮ್ಮ ಬ್ಯಾಟಿಂಗಿನ, ಆರು ಚೌಕಗಳನ್ನು ಈಗಲೂ ತೆಗೆದು ನೋಡುತ್ತಿರುತ್ತೇನೆ. ಮೊದಲನೆಯವನಿಗೆ ವಾಕ್, ಈ ಸಲ ನಮಗೆ. ಅವನು ಹೊಡೆತಕ್ಕೆ ಕಾಯದೆ ಓಡಿ ಎರಡನೇ ಬೇಸ್ ಕದ್ದ. ಮುಂದಿನವನು ಬೇಕಂತಲೇ ಬಲಗಡೆಗೆ ಚೆಂಡು ಉರುಳಿಸಿದ. 4-3, ಔಟ್, ಆದರೆ ಓಟಗಾರ ಮೂರನೇ ಬೇಸ್‌ಗೆ. ಆ ಔಟ್‌ಗೆ ಇಡೀ ಡಗೌಟ್ ಎದ್ದು ನಿಂತು ಅವನ ಕೈಗೆ ಕೈ ತಟ್ಟಿತು. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು. ಮೂರನೆಯವನು ಸೆಂಟರ್ ಫೀಲ್ಡ್‌ಗೆ ಎತ್ತರದ ಚೆಂಡು ಹೊಡೆದ, ಕ್ಯಾಚ್ ಆಯಿತು, ಓಟಗಾರ ಮನೆಗೆ ಓಡಿ ಬಂದ. ಸ್ಯಾಕ್ರಿಫೈಸ್ ಫ್ಲೈ, 8. ಒಂದೂ ಹಿಟ್ ಇಲ್ಲದೆ 3-3 ಸಮ! ಎರಡು ಔಟ್ ಆದ ಮೇಲೆ ಮೊದಲ ಬೇಸ್ ಕಾಯುವ ಹುಡುಗ ಡಬಲ್ ಹೊಡೆದು ಎರಡನೇ ಬೇಸ್ ಮುಟ್ಟಿದ. ಅವನ ಹಿಂದೆ ಬಂದ ಕ್ಯಾಚರ್ ಎಡಕ್ಕೆ ಸಿಂಗಲ್ (ಒಂದು ಬೇಸ್‌ನ ಹೊಡೆತ) ತಳ್ಳಿದ, ಡಬಲ್ ಹೊಡೆದವನು ಮನೆ ಮುಟ್ಟಿದ. ಈಗ ಸ್ಕೋರ್ ನಮ್ಮ ಪರ 4-3. ಮುಂದಿನವನು ಔಟ್.

ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಂದು ಸ್ಟ್ರೈಕೌಟ್ (ಚೆಂಡು ಹೊಡೆಯಲಾಗದೆ ಔಟ್), ಆಮೇಲೆ ಒಂದು ವಾಕ್. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡರು. ಚೆಂಡು ನೆಲಕ್ಕೆ ತಾಗಿ ಶಾರ್ಟ್‌ಸ್ಟಾಪ್ ಕಡೆ ಹೋಯಿತು. ಎರಡನೇ ಬೇಸ್, ಅಲ್ಲಿಂದ ಮೊದಲ ಬೇಸ್. 6-4-3, ಡಬಲ್ ಪ್ಲೇ, ಒಂದೇ ಹೊಡೆತಕ್ಕೆ ಎರಡು ಔಟ್. ಆಟ ಮುಗಿಯಿತು.

ಸಂಭ್ರಮದ ನಡುವೆಯೇ ಲೆಕ್ಕ ತಾಳೆ ನೋಡಿದೆ. ಬ್ಯಾಟಿಗೆ ಬಂದವರ ಒಟ್ಟು ಸರದಿ, ರನ್, ಔಟ್ ಮತ್ತು ಬೇಸ್‌ನಲ್ಲೇ ಉಳಿದವರ ಮೊತ್ತಕ್ಕೆ ಸಮ ಇರಲೇಬೇಕು. ನಮ್ಮದು 4 ರನ್, 24 ಔಟ್ (ಮುಂದಿದ್ದ ಕಾರಣ ಒಂಬತ್ತನೆಯದರಲ್ಲಿ ನಾವು ಬ್ಯಾಟ್ ಮಾಡಬೇಕಾಗಲಿಲ್ಲ), ಉಳಿದವರು 7. ಮೊತ್ತ 35, ಸರದಿಯೂ 35. ಹಿಂದಿನ ಎಂಟು ಹಾಳೆಗಳಲ್ಲಿ ಒಂದರಲ್ಲೂ ಉಳಿದವರು ಇಷ್ಟು ಕಡಿಮೆ ಇರಲಿಲ್ಲ. ಗೆಲುವಿನ ಡಬ್ಲ್ಯೂ ಗುರುತು ಏಳನೇ ಇನ್ನಿಂಗ್ಸ್‌ನ ರಿಲೀಫ್ ಪಿಚರ್‌ಗೆ ಹೋಯಿತು, ಯಾಕಂದ್ರೆ ತಂಡ ಮುನ್ನಡೆ ಪಡೆದಾಗ ನಮ್ಮ ಪರ ಎಸೆಯುತ್ತಿದ್ದವನು ಅವನು. ಆ ಗುರುತು ಬರೆಯುವಾಗ ರಿಂಕು ಸಿಂಗ್ ನೆನಪಾದ. ಕ್ರಿಕೆಟಿಗ ಅಲ್ಲ, ಉತ್ತರ ಪ್ರದೇಶದಿಂದ ಬಂದು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ ಪಿಚರ್. 2009ರ ಜುಲೈನಲ್ಲಿ ಹೊಸಬರು ಆಡುತ್ತಿದ್ದ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ ಅವನ ಹೆಸರಿನ ಮುಂದೆಯೂ ಇದೇ ಡಬ್ಲ್ಯೂ ಬಿದ್ದಿತ್ತು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಭಾರತೀಯನೊಬ್ಬನಿಗೆ ಅದೇ ಮೊದಲು.

ತಂಡ ಮತ್ತೆ ತವರಿಗೆ ಬಂದಾಗ ಡಬಲ್ ಹೊಡೆದ ಹುಡುಗನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಹೈ-ಎ ಮಟ್ಟಕ್ಕೆ ಬಡ್ತಿ ಸಿಕ್ಕಿತ್ತು. ಅವನ ಸಾಲಿನಲ್ಲಿ ಹೊಸಬನ ಹೆಸರು ಬರೆದುಕೊಂಡೆ. ಆ ಹೊಸಬ ಮೊದಲ ಸರದಿಯಲ್ಲೇ ಎಂಟು ಎಸೆತ ತಡೆದು ವಾಕ್ ಪಡೆದ.