ಆಯಿಲ್ ತಿನ್ನುವ ಹಳೆಯ ಕಾರನ್ನು ಸಾಕುವುದು ಹೇಗೆ?

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದ ಹಳೆಯ ಪೆಟ್ರೋಲ್ ಕಾರು, ಕತಗಾಲದ ಹತ್ತಿರ ಆಕ್ಸಿಲರೇಟರ್ ಒತ್ತಿದೊಡನೆ ನೀಲಿ ಹೊಗೆ ಉಗುಳಿದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದೇ ತಿಳಿಯಬೇಕು. ಅಷ್ಟಕ್ಕೇ ಅದನ್ನು ಗುಜರಿಗೆ ಹಾಕಬೇಕಿಲ್ಲ. ಆಯಿಲ್ ತಿನ್ನುವ ಇಂಜಿನ್‌ಗಳು ವರ್ಷಗಟ್ಟಲೆ ಓಡುತ್ತವೆ. ಆಯಿಲ್ ತಳ ಕಂಡದ್ದನ್ನು ಗಮನಿಸದೆ ಓಡಿಸಿದಾಗ ಇಂಜಿನ್ ಸೀಜ್ ಆಗುತ್ತದೆ. ಆ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ಪೂರ್ತಿ ಮಾಲೀಕರ ಕೈಯಲ್ಲೇ ಇದೆ.

ಮೊದಲು ಅಳತೆ

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ತೆರೆಯಿರಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಹೊರತೆಗೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆದು ನೋಡಿ. ಘಟ್ಟದ ಮೇಲಿನ ಮನೆಗಳ ಅಂಗಳ ಹೆಚ್ಚಾಗಿ ಇಳಿಜಾರು. ಅಲ್ಲಿ ನಿಲ್ಲಿಸಿದ ಕಾರಿನ ಅಳತೆಯನ್ನು ನಂಬಬೇಡಿ, ಸಪಾಟು ಜಾಗಕ್ಕೆ ತಂದು ನೋಡಿ. ಸಣ್ಣ ಕಾರುಗಳ ಇಂಜಿನ್ ಹಿಡಿಯುವುದೇ ಮೂರು ಲೀಟರ್ ಆಸುಪಾಸು. ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವೆ ಇರುವುದು ಒಂದು ಲೀಟರ್, ಕೆಲವದರಲ್ಲಿ ಅದಕ್ಕೂ ಕಡಿಮೆ.

ಆಯಿಲನ್ನು ಮೇಲಿನ ಗುರುತಿಗೆ ತಂದು, ಮೀಟರಿನ ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಮುಂದೆ ಹಾಕುವ ಪ್ರತಿ ಕಾಲು ಲೀಟರನ್ನೂ ಅದರಲ್ಲೇ ಬರೆಯಿರಿ. ಸಾವಿರ ಕಿಲೋಮೀಟರಿಗೆ ಎಷ್ಟು ಎಂಬ ಲೆಕ್ಕ ಸಿಕ್ಕ ಮೇಲೆ, ಎಷ್ಟು ದಿನಕ್ಕೊಮ್ಮೆ ಬಾನೆಟ್ ತೆರೆಯಬೇಕೆಂಬುದೂ ತಿಳಿಯುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ನೋಡಿ, ಘಟ್ಟ ಹತ್ತುವ ಮುನ್ನವಂತೂ ತಪ್ಪಿಸಬೇಡಿ.

ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನೆಚ್ಚಿ ಕೂರುವವರು ಬಹಳ. ಆ ದೀಪ ಹೇಳುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹೊತ್ತಿಕೊಳ್ಳುವ ವೇಳೆಗೆ ಬೇರಿಂಗ್‌ಗಳಿಗೆ ಆಯಿಲ್ ತಲುಪುವುದೇ ನಿಂತಿರಬಹುದು. ಅರಬೈಲ್ ಘಟ್ಟದ ನಡುವೆ ಹೊತ್ತಿದರೂ ಸರಿ, ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ. ‘ಯಲ್ಲಾಪುರದವರೆಗೆ ಹೇಗೋ ಹೋಗೋಣ’ ಎಂಬ ಯೋಚನೆ ಇಡೀ ಇಂಜಿನ್ನಿಗೇ ಕುತ್ತು ತರುತ್ತದೆ.

ಸುಡುತ್ತಿದೆಯೋ, ಸೋರುತ್ತಿದೆಯೋ?

ರಾತ್ರಿ ಕಾರಿನಡಿ ದೊಡ್ಡ ರಟ್ಟೊಂದನ್ನು ಹಾಸಿ. ಬೆಳಿಗ್ಗೆ ಅದರ ಮೇಲೆ ಕಪ್ಪು ಕಲೆ ಇದ್ದರೆ ಸೋರಿಕೆಯಿದೆ ಎಂದಾಯಿತು. ಟಾಪೆಟ್ ಕವರಿನ ಪ್ಯಾಕಿಂಗ್, ಫಿಲ್ಟರ್ ಕೂರುವ ಜಾಗ, ಕ್ರ್ಯಾಂಕ್ ಸೀಲ್, ಆಯಿಲ್ ಇಳಿಸುವ ಬೋಲ್ಟಿನ ವಾಷರ್ ಇವೆಲ್ಲ ಸಾಮಾನ್ಯವಾಗಿ ಸೋರುವ ಜಾಗಗಳು.

ಕರಾವಳಿಯವರು ಇನ್ನೊಂದು ಜಾಗವನ್ನು ತಪ್ಪದೆ ನೋಡಬೇಕು. ಅದು ಆಯಿಲ್ ನಿಲ್ಲುವ, ಇಂಜಿನ್ನಿನ ತಳದ ಚೇಂಬರ್. ಬಹಳಷ್ಟು ಹಳೆಯ ಕಾರುಗಳಲ್ಲಿ ಇದು ತೆಳುವಾದ ಉಕ್ಕಿನ ತಗಡು. ಕಾರವಾರದ ಉಪ್ಪುಗಾಳಿ, ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು, ಮಳೆಗಾಲದ ಕೆಸರು ಎಲ್ಲವೂ ಅದರ ಅಂಚಿನಲ್ಲಿ ಕೂರುತ್ತವೆ. ಬಣ್ಣ ಮೊದಲು ಗುಳ್ಳೆಯೇಳುತ್ತದೆ, ಆಮೇಲೆ ತುಕ್ಕು ಪದರಪದರವಾಗಿ ಉದುರುತ್ತದೆ, ಕೊನೆಗೆ ಸೂಜಿಮೊನೆಯಷ್ಟು ತೂತಿನಿಂದ ಆಯಿಲ್ ಜಿನುಗತೊಡಗುತ್ತದೆ. ಮಳೆಗಾಲ ಮುಗಿದೊಡನೆ ಕಾರನ್ನು ಲಿಫ್ಟಿಗೇರಿಸಿ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ತುಕ್ಕು ಹಗುರವಾಗಿದ್ದರೆ ಕೆರೆದು ಪ್ರೈಮರ್ ಮತ್ತು ಬಣ್ಣ ಹೊಡೆಸಿ. ತಗಡು ಸವೆದಿದ್ದರೆ ಚೇಂಬರನ್ನೇ ಬದಲಿಸಿ. ಎಂಸೀಲ್ ಮೆತ್ತಿ ಘಟ್ಟದ ರಸ್ತೆಗಿಳಿಯುವುದು ನನಗೆ ಒಪ್ಪಿಗೆಯಿಲ್ಲ.

ಹೊಗೆ ಹೇಳುವುದೇನು?

ರಾತ್ರಿಯೆಲ್ಲ ನಿಂತ ಕಾರು ಸ್ಟಾರ್ಟ್ ಆದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ, ಗಟ್ಟಿಯಾದ ವಾಲ್ವ್ ಸೀಲ್‌ಗಳ (ವಾಲ್ವಿನ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರ್ ತುಂಡುಗಳ) ಮೇಲೆ ಮೊದಲ ಅನುಮಾನ. ಗೇರಿನಲ್ಲಿ ಘಟ್ಟ ಇಳಿಯುವಾಗ ಪೆಟ್ರೋಲ್ ಇಂಜಿನ್ನಿನ ಇನ್‌ಟೇಕ್ ಕಡೆ ನಿರ್ವಾತ ಹೆಚ್ಚಿ, ಸೀಲ್‌ಗಳ ಸಂದಿಯಿಂದ ಆಯಿಲ್ ಒಳಗೆಳೆದುಕೊಳ್ಳುತ್ತದೆ. ಇಳಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಅದು ಹೊಗೆಯಾಗುತ್ತದೆ. ಇದಕ್ಕೆ ಹೆದರಿ ನ್ಯೂಟ್ರಲ್‌ನಲ್ಲಿ ಇಳಿಸಬೇಡಿ, ಬ್ರೇಕ್ ಕಾದು ಹಿಡಿತ ತಪ್ಪೀತು. ಏರಿನಲ್ಲಿ ಎಳೆಯುವಾಗ ಉದ್ದಕ್ಕೂ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿರುವ ಸಾಧ್ಯತೆ ಹೆಚ್ಚು. ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಭುಸುಗುಟ್ಟುವುದನ್ನೇ ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ.

ಆದರೂ ಇಂಜಿನ್ ಬಿಚ್ಚಿಸಲು ಆತುರ ಬೇಡ. ಇಂಜಿನ್ನಿನೊಳಗಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಮತ್ತು ಬ್ರೀದರ್ ಪೈಪು ಕಟ್ಟಿಕೊಂಡರೂ ಒಳಗಿನ ಒತ್ತಡ ಏರಿ ಆಯಿಲ್ ಏರ್ ಫಿಲ್ಟರ್ ಕಡೆಗೆ ಚಿಮ್ಮುತ್ತದೆ. ಇದು ಅಗ್ಗದ ಭಾಗ, ಮೊದಲು ಇದನ್ನೇ ಬದಲಿಸಿ ನೋಡಿ. ನಂತರ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರಿನದು. ರಿಂಗ್ ಸರಿಯಿದ್ದು ಸೀಲ್‌ಗಳಷ್ಟೇ ಹೋಗಿದ್ದರೆ, ಬೋರ್ ಮುಟ್ಟದೆ ಕೆಲಸ ಮುಗಿಯುತ್ತದೆ.

ಮುಚ್ಚಳದ ಒಳಗೆ ಹಾಲಿನಂಥ ನೊರೆ ಕಂಡರೆ ಗಾಬರಿ ಬೇಡ. ಮಳೆಗಾಲದ ಗಿಡ್ಡ ಓಡಾಟದಲ್ಲಿ ಇಂಜಿನ್ ಪೂರ್ತಿ ಕಾಯದೆ ತೇವ ಉಳಿದು ಹಾಗಾಗುತ್ತದೆ. ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣವಿದ್ದು ಕೂಲಂಟ್ ಇಳಿಯುತ್ತಿದ್ದರೆ ಮಾತ್ರ ಕಾರು ಓಡಿಸುವುದನ್ನು ನಿಲ್ಲಿಸಿ ಹೆಡ್ ಗ್ಯಾಸ್ಕೆಟ್ ತೋರಿಸಿ.

ಯಾವ ಆಯಿಲ್, ಎಷ್ಟು?

ಕೈಪಿಡಿ ಅನುಮತಿಸಿದ ಗ್ರೇಡುಗಳಲ್ಲಿ ದಪ್ಪನೆಯದನ್ನು ಆರಿಸಿ. 10ಡಬ್ಲ್ಯು-30 ಜತೆಗೆ 20ಡಬ್ಲ್ಯು-50 ಕೂಡ ಒಪ್ಪಿದ್ದರೆ, ನಮ್ಮ ಸೆಖೆಗೆ ಎರಡನೆಯದೇ ವಾಸಿ. ಆದರೆ ತೆಳು ಆಯಿಲಿಗೆಂದೇ ಮಾಡಿದ ಇಂಜಿನ್‌ಗೆ ದಪ್ಪನೆಯದನ್ನು ಸುರಿಯಬೇಡಿ. ಕಾಲು ಲೀಟರ್ ಹಾಕಿ, ಕೆಲವು ನಿಮಿಷ ಬಿಟ್ಟು ನೋಡಿ, ಬೇಕಿದ್ದರೆ ಮತ್ತೆ ಹಾಕಿ. ಮೇಲಿನ ಗುರುತು ದಾಟಿದರೆ ತಿರುಗುವ ಕ್ರ್ಯಾಂಕ್ ಶಾಫ್ಟು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ‘ಹೊಸದು ಹಾಕುತ್ತಲೇ ಇದ್ದೇವಲ್ಲ’ ಎಂದು ಆಯಿಲ್ ಬದಲಿಸದೆ ಬಿಡುವುದೂ ತಪ್ಪು. ಒಳಗಿನ ಕಿಟ್ಟ ಹಾಗೇ ಉಳಿಯುತ್ತದೆ, ಫಿಲ್ಟರ್ ತುಂಬುತ್ತದೆ. ಇಳಿಸಿದ ಹಳೆಯ ಆಯಿಲನ್ನು ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ತೋಟದ ಕಾಲುವೆಗೆ ಚೆಲ್ಲಿದ್ದು ಹಳ್ಳ ಸೇರಿ, ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವವರಿರುವ ಅಘನಾಶಿನಿಯ ಅಳಿವೆಯವರೆಗೂ ಹೋಗುತ್ತದೆ.

ಇಂಜಿನ್ ಕೆಲಸ ಯಾವಾಗ?

ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಒಳಗಿದ್ದರೆ ತುಂಬಿಸಿಕೊಂಡು ಓಡಿಸುವುದೇ ಜಾಣತನ. ಹತ್ತಾರು ಸಾವಿರ ರೂಪಾಯಿಯ ಇಂಜಿನ್ ಕೆಲಸದ ಮುಂದೆ ಆ ಆಯಿಲಿನ ಖರ್ಚು ಏನೂ ಅಲ್ಲ. ಒಂದು ಲೀಟರ್ ದಾಟಿತೆಂದರೆ, ಪ್ಲಗ್ ಪದೇ ಪದೇ ಒದ್ದೆಯಾಗುತ್ತಿದ್ದರೆ, ಹೊಗೆ ತಪಾಸಣೆಯಲ್ಲಿ ಕಾರು ಫೇಲಾದರೆ ಲೆಕ್ಕ ಬದಲಾಗುತ್ತದೆ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಹತ್ತಿರವಿದ್ದರೆ, ಕಾರವಾರ ಅಥವಾ ಶಿರಸಿಯ ಆರ್‌ಟಿಒಗೆ ಒಯ್ಯುವ ಮೊದಲೇ ಇದನ್ನು ತೀರ್ಮಾನಿಸಿ. ನವೀಕರಣ ಸಿಕ್ಕುವುದು ಐದು ವರ್ಷಕ್ಕೆ, ಬಾಡಿಯ ತುಕ್ಕು ಅಷ್ಟು ಕಾಲ ತಾಳುವಂತಿದ್ದರೆ ಮಾತ್ರ ಇಂಜಿನ್ನಿಗೆ ಹಣ ಹಾಕಿ. ರಿಂಗ್ ಬದಲಿಸುವುದಾದರೆ ಬೋರಿನ ಸವೆತ ಅಳೆಸಿ, ಅಳತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸವೆದ ಬೋರಿಗೆ ಬರೀ ಹೊಸ ರಿಂಗ್ ಹಾಕಿದರೆ ಸ್ವಲ್ಪ ಕಾಲದಲ್ಲೇ ಹೊಗೆ ಮರಳುತ್ತದೆ.