ಎಂಟು ಮಂದಿ, ಎಂಟು ನಮೂನಿ ತಾಲೀಮು

ನಾನು ಬಾಗಲಕೋಟಿ ನವನಗರದಾಗ, ಅಂದ್ರ ಹಳೇ ಊರು ಮುಳುಗ್ತೈತಂತ ಕಟ್ಟಿದ ಹೊಸಾ ಊರಾಗ, ಹೈಸ್ಕೂಲ್ ಮಾಸ್ತರ. ಹೋದ ವರ್ಷ ಒಂದು ಸಣ್ಣ ನಾಟಕ ಮಾಡಿಸಿದೆ, ಎಪ್ಪತ್ತು ನಿಮಿಷದ್ದು. ಆಲಮಟ್ಟಿ ಡ್ಯಾಂ ಹಿನ್ನೀರು ಘಟಪ್ರಭಾ ಹಿಡ್ಕೊಂಡು ಹಳೇ ಊರಿಗೆ ಬರೋದೈತಿ ಅಂದಾಗ ಒಂದು ಮನಿಯವರು ಸಾಮಾನು ಕಟ್ಟೋ ರಾತ್ರಿ, ಅಷ್ಟ ಕಥಿ. ಪಾತ್ರ ಎಂಟು. ಹೊಸಬರನ್ನ ತಿದ್ದೋದ ತ್ರಾಸು, ನಾಟಕ ಗೊತ್ತಿದ್ದವರು ತಾವ ನಡಸ್ಕೊಂಡು ಹೋಗ್ತಾರ ಅಂತ ಮೊದಲ ತಿಳ್ಕೊಂಡಿದ್ದೆ. ಆಗಿದ್ದು ಪೂರಾ ಉಲ್ಟಾ.

ಯಾರ್ಯಾರು ಇದ್ರು ಅಂದ್ರ, ಮೂವತ್ತು ವರ್ಷ ಕಂಪನಿ ನಾಟಕದಾಗ ಪಾರ್ಟ್ ಮಾಡಿದ ಒಬ್ರು ಅಕ್ಕಾರು, ಲೋಕಾಪುರ ಕಡೆ ಶ್ರೀಕೃಷ್ಣ ಪಾರಿಜಾತ ಅನ್ನೋ ಹಾಡಿನ ಬಯಲಾಟದಾಗ ಹಾಡೋ ಅಜ್ಜಾರು, ಗುಳೇದಗುಡ್ಡದಾಗ ಖಣ ನೇಯೋ ಕಾಕಾ, ಒಬ್ಬ ಬಸ್ ಕಂಡಕ್ಟರ್, ನರ್ಸಿಂಗ್ ಓದೋ ಹುಡುಗಿ, ಬೀದಿ ನಾಟಕ ಮಾಡಿದ್ದ ಇಬ್ರು ಹುಡುಗ್ರು, ಲಂಬಾಣಿ ತಾಂಡಾದಿಂದ ಬರೋ ಒಬ್ಬ ಗೌಂಡಿ.

ಅಕ್ಕಾರಿಂದನ ಶುರು ಮಾಡ್ತೀನಿ. ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ನೋಡಿದವರಿಗೆ ಗೊತ್ತಿರ್ತೈತಿ, ಸ್ಟೇಜಿನ ಮುಂದ ಮ್ಯಾಲಿಂದ ಮೈಕ್ ತೂಗಬಿಟ್ಟಿರ್ತಾರ, ಪಾತ್ರದವರು ನಡಕೋತ ಬಂದು ಬರೋಬ್ಬರಿ ಅದರ ಬುಡಕ ನಿಂತು ಮಂದಿ ಕಡೆ ಮುಖ ಮಾಡಿ ಡೈಲಾಗ್ ಹೊಡೀತಾರ. ನಮ್ಮ ತಾಲೀಮು ಸಾಲಿ ಹಾಲಿನಾಗ, ಮೈಕೂ ಇಲ್ಲ ಪಡದೆನೂ ಇಲ್ಲ, ಆದ್ರೂ ಅಕ್ಕಾರು ಪ್ರತಿ ಸಲ ನಾಲ್ಕು ಹೆಜ್ಜಿ ಮುಂದ ಬಂದು ಅದ ಜಾಗಕ್ಕ ನಿಲ್ಲೋರು. ಮಗಳ ಜೋಡಿ ಮಾತಾಡೋ ಸೀನು, ಮಗಳು ಹಿಂದ ನಿಂತಾಳ, ಇವರು ಖಾಲಿ ಕುರ್ಚಿಗೆ ಹೇಳಾಕತ್ತಾರ. "ಅಕ್ಕಾರ, ಮಗಳನ್ನ ನೋಡ್ರಿ" ಅಂದ್ರ "ಹೂನ್ರಿ ಮಾಸ್ತರ" ಅಂತಿದ್ರು, ಒಂದು ಸಾಲು ಮುಗಿಯೋದ್ರಾಗ ಮತ್ತ ಅಲ್ಲೇ. ಹದಿನೈದು ದಿನ ಇದ ನಡೀತು, ನನಗೂ ಸಿಟ್ಟು ಬರಾಕತ್ತಿತ್ತು, ಅವರಿಗೂ ಮನಸ್ಸಿಗೆ ಹತ್ತಿತ್ತು. ಒಂದಿನ ಸುಮ್ನ ತಗೊಂಡು ಹೋಗಿ ಅವರು ನಿಲ್ಲೋ ಜಾಗಕ್ಕ ಒಂದು ಹಳೇ ಕಬ್ಬಿಣದ ಪೆಟ್ಟಿಗಿ ಇಟ್ಟೆ. ಈಗ ಮುಂದ ಬರಾಕ ಅವರಿಗೊಂದು ಕೆಲಸ ಸಿಕ್ತು. ಬರ್ತಾರ, ಬಗ್ಗಿ ಪೆಟ್ಟಿಗಿ ತುಂಬ್ತಾರ, ಮಾತು ಮಗಳಿಗೆ ಹೊಳ್ಳಿ ಹೇಳ್ತಾರ. ಮೂವತ್ತು ವರ್ಷದ ರೂಢಿ ಬಿಡಸಾಕ ನಾ ಯಾರು?

ಇವರ ಇನ್ನೊಂದು ಮಾತು ನನಗ ಚುಚ್ಚಿತ್ತು. ಮೊದಲನೇ ದಿನನ ಎಲ್ಲಾರ ಮುಂದ "ಮಾಸ್ತರ, ಒಂದು ಆಟಕ್ಕ ಎಷ್ಟು ಕೊಡ್ತೀರಿ?" ಅಂತ ಕೇಳಿಬಿಟ್ರು. ಕಂಪನಿ ಬಿಟ್ಟ ಮ್ಯಾಲ ಹಳ್ಳಿ ನಾಟಕಕ್ಕ ಒಂದು ರಾತ್ರಿ ಲೆಕ್ಕದಾಗ ಹೋಗಿ ಪಾರ್ಟ್ ಮಾಡಿ ಮನಿ ನಡಸಿದವರು ಅವರು, ಕೇಳೋದ್ರಾಗ ಏನೂ ತಪ್ಪಿಲ್ಲ. ನನಗ ತಿಂಗಳಾ ಪಗಾರ ಬರ್ತಿತ್ತಲ್ಲ, ಹಂಗಾಗಿ ಎಲ್ಲಾರೂ ಪುಕ್ಕಟೆ ಬರ್ತಾರ ಅಂತ ಸಲೀಸಾಗಿ ತಿಳ್ಕೊಂಡಿದ್ದೆ. ಗೌಂಡಿ ಹುಡುಗ ಆಟದ ದಿನ ಕೂಲಿ ಬಿಟ್ಟು ಬರಬೇಕಾಗಿತ್ತು, ಅವಾ ಬಾಯಿ ತಗದು ಕೇಳಿರಲಿಲ್ಲ ಅಷ್ಟ. ಕಡೀಕ ನಾವು ನಾಲ್ಕೈದು ಮಂದಿ ಮಾಸ್ತರು ಪಟ್ಟಿ ಹಾಕಿ ಎಂಟೂ ಮಂದಿಗೆ ಸಮಾ ಕೊಟ್ವಿ, ಬಸ್ ಚಾರ್ಜ್ ಬ್ಯಾರೆ.

ಪಾರಿಜಾತದ ಅಜ್ಜಾರದು ಬ್ಯಾರೇನ ಮಜಾ. ಪಾರಿಜಾತದಾಗ ಭಾಗವತ ಅಂದ್ರ ಬರೇ ಹಾಡೋರಲ್ಲ, ಸತ್ಯಭಾಮಾ ಬಂದ್ರೂ ಕೃಷ್ಣ ಬಂದ್ರೂ ಅವರ ಜೋಡಿ ಮಾತಿಗೆ ನಿಲ್ತಾರ, ಕೆಣಕ್ತಾರ, ಕೇಳ್ತಾರ. ನಮ್ಮ ಅಜ್ಜಾರಿಗೆ ಹೊತ್ತು ಹೊಂಡೂತನಕ ಆಡಿದ ಅಭ್ಯಾಸ, ಹಿಂಗಾಗಿ ಯಾರ ಡೈಲಾಗ್ ಇದ್ರೂ ನಡುವ "ಹೌದೇನವಾ? ಮುಂದ?" ಅಂತ ಬಾಯಿ ಹಾಕೋರು, ಪಾಪ ನರ್ಸಿಂಗ್ ಹುಡುಗಿ ಹೆದರಿ ಮುಂದಿನ ಸಾಲ ಮರೀತಿದ್ಲು. ಆಮ್ಯಾಲ ಅವರ ಪಾತ್ರಾನ ಬದಲಿ ಮಾಡಿದೆ. ಮನಿಯೊಳಗಿನ ಅಜ್ಜ ಇದ್ದವರು ಬಾಜೂ ಮನಿ ಅಜ್ಜ ಆದ್ರು, ಗ್ವಾಡಿ ಆಕಡೆ ನಿಂತು ಎಲ್ಲಾ ಕೇಳಿಸ್ಕೊಂಡು ಪ್ರಶ್ನೆ ಹಾಕೋ ಮನಶ್ಯಾ. ಹಾಡು ಎರಡು ನಿಮಿಷ ಅಂದ್ರ ಏಳು ನಿಮಿಷ ಎಳೀತಿದ್ರು, ಅದಕ್ಕ ಗೌಂಡಿ ಹುಡುಗಗ ಹೇಳಿದ್ದೆ, ಟೈಮ್ ಆದ ಕೂಡಲೇ ಪೆಟ್ಟಿಗಿ ಮುಚ್ಚಳ ಧಡ್ ಅಂತ ಹಾಕು. ಮುಚ್ಚಳ ಬಿತ್ತಂದ್ರ ಹಾಡು ಮುಗೀತು.

ನೇಕಾರ ಕಾಕಾ ಹಿಂದ ಯಾವತ್ತೂ ಸ್ಟೇಜ್ ಹತ್ತಿದವರಲ್ಲ. ಮಗ್ಗದ ಮ್ಯಾಲ ಕುಂತ ಡೈಲಾಗ್ ಬಾಯಿಪಾಠ ಮಾಡಿದ್ರು, ಫೋನ್‌ನಾಗ ಕೇಳಿದ್ರ ಒಂದಕ್ಷರ ತಪ್ಪಿಲ್ಲ. ಹಾಲಿಗೆ ಬಂದು ನಿಂತ್ರ ಎರಡನೇ ಸಾಲಿಗೆ ಖಲಾಸ್. ನಾಲ್ಕು ದಿನ ಆದ ಮ್ಯಾಲ ಸುಸ್ತಾಗಿ ಕುರ್ಚಿ ಮ್ಯಾಲ ಕುಂತು ಹೇಳಿದ್ರು ನೋಡ್ರಿ, ನೀರಿನಂಗ ಬಂತು. ಕೆಳಗ ನೋಡಿದೆ, ಧೋತರದೊಳಗ ಎರಡೂ ಪಾದ ಒಂದಾದ ಮ್ಯಾಲ ಒಂದು ತುಳ್ಯಾಕತ್ತಿದ್ವು. ಅವರದು ಕುಣಿ ಮಗ್ಗ, ಕುಣಿಯೊಳಗ ಕಾಲು ಇಳಿಬಿಟ್ಟು ತುಳಿಯೋದು, ಲಾಳಿ ಆಕಡೆ ಈಕಡೆ ಹೋಗೋದು, ಆ ಲೆಕ್ಕಕ್ಕ ಮಾತು ಕುಂತಿತ್ತು. ಅವತ್ತ ಒಂದು ಕಟ್ಟಿ ಮಾಡಿಸಿದೆ, ಇಡೀ ನಾಟಕ ಅವರು ಕಟ್ಟಿ ಬಿಟ್ಟು ಏಳಲಿಲ್ಲ. ಕಟ್ಟಿ ಕಟ್ಟಿದ್ದು ಗೌಂಡಿ ಹುಡುಗನ, ಅರ್ಧಾ ದಿನದಾಗ, ಮ್ಯಾಲ ತನ್ನ ಪಾರ್ಟಿಗೆ ಲಂಬಾಣಿ ಮಾತು ನಾಲ್ಕು ಸೇರಿಸ್ಲಾ ಸರ ಅಂದ, ಸೇರಿಸು ಅಂದೆ.

ಕಂಡಕ್ಟರಗ ನೋಟೀಸು ಓದೋ ಸಾಹೇಬನ ಪಾರ್ಟು. "519.60 ಮೀಟರ್" ಅಂತ ಡ್ಯಾಂ ತುಂಬಿದಾಗಿನ ನೀರಿನ ಮಟ್ಟ ಹೇಳೋದನ್ನ ಅವಾ ಸ್ಟಾಪ್ ಹೆಸರು ಕೂಗಿದಂಗ ಕೂಗ್ತಿದ್ದ, ದುಃಖ ಇಲ್ಲ ಏನಿಲ್ಲ. ನಾನು ತಿದ್ದಾಕ ಹೋಗಲಿಲ್ಲ, ಸಾಹೇಬರು ಹಂಗ ಓದ್ತಾರ. ಇವನ ತ್ರಾಸು ಅಂದ್ರ ಡ್ಯೂಟಿ. ರಾತ್ರಿ ಹಳ್ಳ್ಯಾಗ ಉಳಿಯೋ ವಸ್ತಿ ಗಾಡಿ ಬಿತ್ತಂದ್ರ ಆ ರಾತ್ರಿ ತಾಲೀಮಿಗಿಲ್ಲ, ಅವನ ಸೀನು ಎಲ್ಲಾ ಅವನ ವಾರದ ರಜಾ ದಿನಕ್ಕ ಇಟ್ಟಿದ್ವಿ.

ನರ್ಸಿಂಗ್ ಹುಡುಗಿ ನವನಗರದಾಗ ಹುಟ್ಟಿದಾಕಿ, ಮನಿ ಅಡ್ರೆಸ್ ಕೇಳಿದ್ರ ಸೆಕ್ಟರ್ ನಂಬರ್ ಹೇಳ್ತಾಳ, ಮುಳುಗಿದ ಓಣಿ ನೋಡಿಲ್ಲ. ಫೋನ್‌ನಾಗ ಅವ್ವಗ "ಹೊಂಟೀನಿ" ಅನ್ನಾಕಿ ಸ್ಟೇಜ್ ಮ್ಯಾಲ "ಹೊರಡುತ್ತಿದ್ದೇನೆ" ಅಂತಿದ್ಲು. ಡೈಲಾಗ್ ಹಾಳಿ ಕಸ್ಕೊಂಡು, ಪ್ರತಿ ಸಾಲು ನಿನ್ನ ಗೆಳತಿಗೆ ವಾಯ್ಸ್ ಮೆಸೇಜ್ ಕಳಿಸಿದಂಗ ಹೇಳವಾ ಅಂದೆ, ಎರಡು ದಿನದಾಗ ಸರಿ ಆತು. ಬೀದಿ ನಾಟಕದ ಹುಡುಗ್ರು ಸುತ್ತ ಮಂದಿ ಅದಾರ ಅಂತ ಗಿರಕಿ ಹೊಡೀತಿದ್ರು. ಅವರಿಗೆ ಸಾಮಾನು ಹೊರೋ ಕೆಲಸ ಹಚ್ಚಿದೆ.

ನವನಗರದಾಗ ಎರಡು ಆಟ ಆದ್ವು. ಮೂರನೇದು ಗುಳೇದಗುಡ್ಡದಾಗ, ಗುಡಿ ಮುಂದಿನ ಬಯಲಾಗ. ಸಂಜೀಕ ಹೋಗಿ ನೋಡ್ತೀವಿ, ಮಂಟಪದವರು ಕಂಪನಿ ನಾಟಕ ಅಂತ ತಿಳ್ಕೊಂಡು ಮುಂದ ಮೂರು ಮೈಕ್ ತೂಗಬಿಟ್ಟಾರ. ಅಕ್ಕಾರು ಒಂದು ಸಲ ಮ್ಯಾಲ ನೋಡಿದ್ರು, ಒಂದು ಸಲ ನನ್ನ ನೋಡಿದ್ರು.

"ಈಗ ನಿಮ್ಮ ಪೆಟ್ಟಿಗಿ ಬಾಜೂಕ ಸರಸ್ರಿ ಮಾಸ್ತರ" ಅಂದ್ರು. ಹುಡುಗಿ ರಟ್ಟಿ ಹಿಡ್ಕೊಂಡು ಎಲ್ಲಿ ನಿಂತ್ರ ದನಿ ಹಿಡೀತೈತಿ, ಎಷ್ಟು ಹಿಂದ ಸರದ್ರ ಬಿಡ್ತೈತಿ ಅಂತ ಹೆಜ್ಜಿ ಎಣಿಸಿ ತೋರಿಸಾಕ ನಿಂತ್ರು. ಕಾಕಾ ಕುಂತ್ರ ಮೈಕಿಗೆ ದನಿ ಹತ್ತಂಗಿಲ್ಲ, ನಿಂತ್ರ ಡೈಲಾಗ್ ಬರಂಗಿಲ್ಲ. ಗೌಂಡಿ ಹುಡುಗ ಎಲ್ಲಿಂದೋ ಎಂಟು ಇಟ್ಟಂಗಿ ತಂದು ಕಟ್ಟಿ ಬುಡಕ ಹಾಕಾಕತ್ತಿದ್ದ.